ಗುಡುಗಣ್ಣ ಇಟ್ಟ ಹೆಸರು

ಸಂಜೆ ಆರು ಹೊಡೆಯಿತೆಂದರೆ ಊರಿನ ಅರ್ಧದಷ್ಟು ರೇಡಿಯೋಗಳು ಬೈಯಲು ಶುರುಮಾಡುತ್ತಿದ್ದವು. ಬೈಯುತ್ತಿದ್ದವನು ಒಬ್ಬನೇ. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕೆಲಸಕ್ಕೆ ಬರುತ್ತಿರಲಿಲ್ಲ. ಊರಿಗೆಲ್ಲ ಅವನು ಗುಡುಗಣ್ಣ. ಫುಟ್‌ಬಾಲ್ ಪಂದ್ಯ ಇದ್ದ ದಿನ ಆ ಪಂದ್ಯದ ಬಗ್ಗೆ, ಇಲ್ಲದ ದಿನ ಹಿಂದಿನ ಪಂದ್ಯದ ಬಗ್ಗೆ, ಅದೂ ಹಿಂಡಿ ಹಿಪ್ಪೆಯಾದ ಮೇಲೆ ಮುಂದಿನ ಪಂದ್ಯವನ್ನು ಯಾರು ಯಾರು ಹೇಗೆ ಹೇಗೆ ಹಾಳುಮಾಡಲಿದ್ದಾರೆ ಎಂಬುದರ ಬಗ್ಗೆ ಅವನು ಮಾತಾಡುತ್ತಿದ್ದ. ಕೇಳುಗರು ಫೋನ್ ಮಾಡಬಹುದಿತ್ತು. ಒಪ್ಪಿದವರಿಗೆ ಮಾತು ಮುಗಿಸಲು ಬಿಡುತ್ತಿದ್ದ. ಒಪ್ಪದವರಿಗೆ "ನೀವು ಚೆಂಡು ನೋಡಿದ್ದು ಯಾವಾಗ ಸ್ವಾಮಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಲೈನ್ ಕತ್ತರಿಸುತ್ತಿದ್ದ.

ಆ ಪ್ರಶ್ನೆಯನ್ನು ಅವನಿಗೆ ಯಾರೂ ತಿರುಗಿ ಕೇಳಿರಲಿಲ್ಲ. ಕೇಳಿದ್ದರೆ ಕಷ್ಟವಿತ್ತು. ಮೈದಾನಕ್ಕೆ ಕಾಲಿಟ್ಟು ವರ್ಷಗಳೇ ಆಗಿದ್ದವು. ಅಲ್ಲಿ ಬಿಸಿಲು, ತಳ್ಳಾಟ, ಮುಂದೆ ಕೂತವರ ತಲೆ. ಸ್ಟುಡಿಯೋದಲ್ಲಾದರೆ ಮೆತ್ತನೆಯ ಕುರ್ಚಿ, ತಣ್ಣನೆಯ ಗಾಳಿ, ಗೋಡೆಯ ಮೇಲೊಂದು ಸಣ್ಣ ಟಿವಿ. "ಮೈದಾನದಲ್ಲಿ ಕೂತವನಿಗೆ ಆಟ ಕಾಣುತ್ತೆ, ದೂರ ಕೂತವನಿಗೆ ಸತ್ಯ ಕಾಣುತ್ತೆ" ಎನ್ನುವುದು ಅವನ ಸಿದ್ಧಾಂತ. ಆ ಸಣ್ಣ ಟಿವಿಯೂ ಅವನಿಗೆ ಈಚೆಗೆ ಮಸುಕು ಮಸುಕಾಗಿ ಕಾಣುತ್ತಿತ್ತು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ "ನಿಮ್ಮ ನಂಬರ್ ಹೆಚ್ಚಾಗಿದೆ ರೀ, ಒಂದ್ಸಲ ಬಂದು ತೋರಿಸ್ಕೊಳ್ಳಿ" ಎಂದು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಳು. ಆಕೆ ಗಂಡನ ಕಾರ್ಯಕ್ರಮವನ್ನು ಒಂದು ದಿನವೂ ಕೇಳಿದವಳಲ್ಲ. ಮನೆಯಲ್ಲಿ ಪುಕ್ಕಟೆ ಕೇಳುವುದನ್ನು ಕರೆಂಟು ಸುಟ್ಟು ಯಾಕೆ ಕೇಳಬೇಕು ಎನ್ನುತ್ತಿದ್ದಳು.

ಸ್ಟುಡಿಯೋದ ಗಾಜಿನ ಗೋಡೆಯ ಆಚೆ ಕೂರುತ್ತಿದ್ದವಳು ಗುಂಡಿಯಕ್ಕ. ಯಾರ ಫೋನ್ ಒಳಗೆ ಬಿಡಬೇಕು, ಯಾವಾಗ ಜಾಹೀರಾತು ಹಾಕಬೇಕು ಎಂಬುದೆಲ್ಲ ಅವಳ ಕೈಯಲ್ಲಿ. ಅದಕ್ಕಿಂತ ದೊಡ್ಡದು ಅವಳ ಮುಂದಿದ್ದ ಕೆಂಪು ಗುಂಡಿ. ನೇರ ಪ್ರಸಾರ ಎಂದು ಹೇಳಿಕೊಂಡರೂ, ಬಾಯಿಂದ ಹೊರಟ ಮಾತು ರೇಡಿಯೋ ತಲುಪಲು ಕೆಲವು ಸೆಕೆಂಡು ತಡವಾಗುವಂತೆ ಯಂತ್ರವನ್ನು ಕಟ್ಟಿರುತ್ತಾರೆ. ಅಷ್ಟರೊಳಗೆ ಯಾರಾದರೂ ಆಡಬಾರದ ಮಾತಾಡಿದರೆ ಗುಂಡಿ ಒತ್ತಿದರಾಯಿತು, ಆ ಮಾತು ಊರಿಗೆ ಕೇಳಿಸುವ ಮೊದಲೇ ಸತ್ತು, ಅದರ ಜಾಗದಲ್ಲಿ ಸೋಪಿನ ಜಾಹೀರಾತು ಬರುತ್ತದೆ. ಗುಂಡಿಯಕ್ಕನ ಬೆರಳು ಎಷ್ಟು ಚುರುಕೆಂದರೆ, ಕೇಳುಗರ ಬೈಗುಳದ ಮೊದಲ ಅಕ್ಷರ ಹುಟ್ಟುವಾಗಲೇ ಸೋಪಿನ ನೊರೆ ಎದ್ದಿರುತ್ತಿತ್ತು.

ಹೋದ ವರ್ಷದ ಕಪ್ ಫೈನಲ್ ದಿನ ನಡೆದದ್ದು ಇವರಿಬ್ಬರಿಗೆ ಮಾತ್ರ ಗೊತ್ತು. ಪಂದ್ಯ ಸಮಸಮವಾಗಿ ಮುಗಿಯುವುದರಲ್ಲಿತ್ತು. ಗುಡುಗಣ್ಣ ಹೊರಗಿನ ಓಣಿಯಲ್ಲಿ ಕಾಫಿ ಯಂತ್ರದೊಂದಿಗೆ ಜಗಳಕ್ಕೆ ನಿಂತಿದ್ದ. ಅದು ಲೋಟ ಬೀಳಿಸಿ ಕಾಫಿ ಸುರಿಸದೆ ಸುಮ್ಮನಾಗಿತ್ತು. ಅವನು ಅದರ ಬೆನ್ನಿಗೆ ನಾಲ್ಕು ಗುದ್ದು ಕೊಟ್ಟು ಕಾಫಿ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೆಡ್‌ಫೋನ್ ಏರಿಸಿಕೊಂಡಾಗ ಗುಂಡಿಯಕ್ಕ ಹೇಳಿದ್ದು ಇಷ್ಟೇ: "ಎದುರಾಳಿಗಳು ಗೋಲ್ ಹೊಡೆದ್ರು ಅಣ್ಣ. ನಮ್ಮ ಕೀಪರ್ ಕೈಯಿಂದ ಚೆಂಡು ಜಾರ್ತು. ಕಪ್ ಹೋಯ್ತು. ನಿಮ್ಮ ಮೈಕ್ ಆನ್."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು ಅವನು. "ಕಣ್ಮುಚ್ಚಿದ!" ಎಂದು ಗುಡುಗಿದ. "ನಾನು ಕಣ್ಣಾರೆ ನೋಡ್ದೆ ಸ್ವಾಮಿ! ಚೆಂಡು ಬರುವಾಗ ಆ ಹುಡುಗ ಹೆದರಿ ಕಣ್ಮುಚ್ಚಿದ! ಅವನು ಗೋಲ್‌ಕೀಪರ್ ಅಲ್ಲ, ಜರಡಿ! ಜರಡಿ!" ಆಮೇಲೆ ಎರಡು ಗಂಟೆ ಅದೇ ರಾಗ. ಅವನು ಎಷ್ಟು ಚೆನ್ನಾಗಿ ವರ್ಣಿಸಿದನೆಂದರೆ, ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಆ ಮುಚ್ಚಿದ ಕಣ್ಣು ಅವನಿಗೇ ಕಾಣತೊಡಗಿತ್ತು.

ಹೆಸರು ಅಂಟಿಕೊಂಡಿತು. ಮುಂದಿನ ಪಂದ್ಯಕ್ಕೆ ಜನ ಮನೆಯಿಂದ ಹಿಟ್ಟಿನ ಜರಡಿ ತಂದು ಗೋಲಿನ ಹಿಂದೆ ನಿಂತು ಅಲ್ಲಾಡಿಸಿದರು. ಆ ಗೋಲ್‌ಕೀಪರ್ ಬಸ್ ಹತ್ತಿದರೆ ಹಿಂದಿನ ಸೀಟಿನಿಂದ "ಜರಡೀ" ಎಂಬ ರಾಗ ಬರುತ್ತಿತ್ತು. ಅವನ ನಿಜವಾದ ಹೆಸರು ತಂಡದ ಪಟ್ಟಿಯಲ್ಲಿ ಮಾತ್ರ ಉಳಿಯಿತು. ಇದನ್ನೆಲ್ಲ ಕೇಳಿದಾಗ ಗುಡುಗಣ್ಣನಿಗೆ ಹೆಮ್ಮೆಯೇ ಆಗಿತ್ತು. ಹೆಸರು ಇಟ್ಟರೆ ಹೀಗಿಡಬೇಕು ಎಂದುಕೊಂಡಿದ್ದ.

ಹೀಗಿರುವಾಗ ಒಂದು ರಜೆಯ ಮಧ್ಯಾಹ್ನ ಮಗಳು ಒಬ್ಬ ಹುಡುಗನನ್ನು ಮನೆಗೆ ಕರೆದುಕೊಂಡು ಬಂದಳು. ಅವಳು ಫಿಸಿಯೋಥೆರಪಿಸ್ಟ್. ಊರಿನ ಸೊಂಟ, ಮಂಡಿ, ಭುಜಗಳೆಲ್ಲ ಅವಳ ಕೈಯಲ್ಲಿ ರಿಪೇರಿಯಾಗುತ್ತಿದ್ದವು. "ಅಪ್ಪ, ಇವನು ನನ್ನ ಹತ್ರ ಭುಜ ತೋರಿಸೋಕೆ ಬಂದಿದ್ದ" ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು. ಎತ್ತರದ ಹುಡುಗ, ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಬಂದವನು ಸೋಫಾದ ತುದಿಯಲ್ಲಿ ಕೂತ. ಸೋಫಾಕ್ಕೆ ಭಾರವಾದೀತೇನೋ ಎನ್ನುವಂತೆ ಕೂತಿದ್ದ. ಹುಡುಗ ಮಾತಾಡದಿರುವುದು ಗುಡುಗಣ್ಣನಿಗೆ ಬಹಳ ಹಿಡಿಸಿತು. ಒಳ್ಳೆಯ ಅಳಿಯನ ಲಕ್ಷಣ ಅದೇ ತಾನೆ.

"ಫುಟ್‌ಬಾಲ್ ನೋಡ್ತೀಯೇನಪ್ಪ?" ಎಂದು ಕೇಳಿದ.

"ನೋಡ್ತೀನಿ ಸರ್. ಹಿಂದ್ಗಡೆಯಿಂದ."

"ಹಿಂದಿನ ಸಾಲಿನ ಟಿಕೆಟ್ಟಾ? ಪರವಾಗಿಲ್ಲ. ಈಗ ನಮ್ಮೂರಿನ ಆ ಜರಡಿ ಇದಾನಲ್ಲ, ಅವನ ಕಷ್ಟ ಏನು ಗೊತ್ತಾ? ಹೆದರಿಕೆ! ಚೆಂಡು ಬಂದ್ರೆ ಮೈ ಮುದುಡ್ಕೋತಾನೆ. ತೋರಿಸ್ತೀನಿ ನೋಡು. ಹಿಡಿ!"

ಹೇಳಿ ಮುಗಿಯುವ ಮೊದಲೇ ದಿಂಬು ಎಸೆದ. ಹುಡುಗ ಹಿಡಿದ. ಗುಡುಗಣ್ಣ ಮೇಜಿನ ಮೇಲಿದ್ದ ಕಿತ್ತಳೆ ಎಸೆದ. ಅದನ್ನೂ ಹಿಡಿದ. ಟಿವಿ ರಿಮೋಟು, ಉಣ್ಣೆಯ ಉಂಡೆ, ಒಂದು ಚಪ್ಪಲಿ. ಹುಡುಗ ಕೂತಲ್ಲಿಂದ ಏಳದೆ, ಕಣ್ಣು ಮಿಟುಕಿಸದೆ ಒಂದೊಂದನ್ನೂ ಹಿಡಿದು ಪಕ್ಕದಲ್ಲಿ ಸಾಲಾಗಿ ಇಟ್ಟ. ಗುಡುಗಣ್ಣನಿಗೆ ಹುರುಪು ಏರಿ ಹೂದಾನಿಗೇ ಕೈ ಹಾಕಿದ.

"ನೋಡು ನೋಡು! ನಿನ್ನಂಥ ಸಾಧಾರಣ ಹುಡುಗ ಕೂತ್ಕೊಂಡು ಇಷ್ಟು ಹಿಡೀತಾನೆ. ಆ ಜರಡಿಗೆ ಏನು ರೋಗ ಅಂತೀನಿ!"

ಕಾಫಿ ತಂದ ಹೆಂಡತಿ ಮೊದಲು ಅವನ ಕೈಯಿಂದ ಹೂದಾನಿ ಇಸಿದುಕೊಂಡಳು. "ರೀ, ಜರಡಿ ಅವನೇ" ಎಂದಳು. "ಕನ್ನಡಕದ ನಂಬರ್ ಹೆಚ್ಚಾಗಿದೆ ಅಂದ್ರೆ ನನ್ನ ಮಾತು ಎಲ್ಲಿ ಕೇಳ್ತೀರಿ."

ಗುಡುಗಣ್ಣ ಕುಸಿದು ಕೂತ. ಮನೆಯಲ್ಲಿ ಅಷ್ಟು ಹೊತ್ತು ಮೌನ ಇದ್ದದ್ದು ಮದುವೆಯಾದ ಮೇಲೆ ಅದೇ ಮೊದಲು ಎಂದು ಹೆಂಡತಿ ಆಮೇಲೆ ಅಕ್ಕಪಕ್ಕದವರಿಗೆ ಹೇಳಿಕೊಂಡಳು. ಹುಡುಗನೇ ಎದ್ದು ಚಪ್ಪಲಿಯನ್ನು ಬಾಗಿಲ ಬಳಿ ಇಟ್ಟುಬಂದ. ಮಗಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಮುಂದಿನ ತಿಂಗಳು ರಿಜಿಸ್ಟರ್ ಆಫೀಸಲ್ಲಿ ಮದುವೆ ಅಪ್ಪ" ಎಂದಳು. "ನೀನು ಪಕ್ಕದಲ್ಲಿ ನಿಂತಿರ್ಬೇಕು ಅಂತ ನನಗೆ ತುಂಬಾ ಆಸೆ. ಆದ್ರೆ ಹೆಸರು ಇಟ್ಟೋನು ನೀನು, ಇಟ್ಟ ಬಾಯಲ್ಲೇ ವಾಪಸ್ ತಗೋ. ರೇಡಿಯೋದಲ್ಲಿ. ತಗೊಳ್ಳೋಕಾಗಲ್ಲ ಅಂದ್ರೆ ನೀನು ಬರೋದು ಬೇಡ."

"ಲೇ, ಗುಡುಗು ವಾಪಸ್ ಹೋಗೋದನ್ನ ಯಾರಾದ್ರೂ ನೋಡಿದಾರೇನೇ?"

"ನಿನ್ನೆ ತರಕಾರಿ ಅಂಗಡೀಲಿ ನನಗೇನಂದ್ರು ಗೊತ್ತಾ? ಜರಡಿ ಹುಡುಗಿ ಬಂದ್ಲು, ತೂಕ ಸರಿಯಾಗಿ ಹಾಕು ಅಂದ್ರು. ನಾನು ನಿನ್ನ ಮಗಳು ಅಂತ ಅವರಿಗಿನ್ನೂ ಗೊತ್ತಿಲ್ಲ. ನಾಳೆ ನನಗೊಂದು ಮಗು ಆದ್ರೆ ಸ್ಕೂಲಲ್ಲಿ ಏನಂತಾರೆ? ಮರಿಜರಡಿ!"

ಮರಿಜರಡಿ ಎಂಬ ಮಾತು ಗುಡುಗಣ್ಣನ ಎದೆಗೆ ನೇರವಾಗಿ ಚುಚ್ಚಿತು. ಇನ್ನೂ ಹುಟ್ಟದ ಒಂದು ಮಗು ಬೆನ್ನಿಗೆ ಚೀಲ ಹಾಕಿಕೊಂಡು ಶಾಲೆಯ ಗೇಟಿನಲ್ಲಿ ತಲೆ ತಗ್ಗಿಸಿ ನಿಂತಂತೆ ಕಂಡಿತು. ಇದ್ದವಳು ಒಬ್ಬಳೇ ಮಗಳು, ಅವಳ ಮದುವೆಯ ದಿನ ತಾನು ಮನೆಯಲ್ಲಿ ಪೇಪರ್ ಓದುತ್ತ ಕೂತಿರುವುದೆಂದರೇನು? ಆದರೆ ತನ್ನ ಅಭಿಪ್ರಾಯವನ್ನು ಮೈಕಿನ ಮುಂದೆ ತಾನೇ ಹಿಂತೆಗೆದುಕೊಳ್ಳುವುದೆಂದರೇನು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಷ್ಟು ವರ್ಷ ಸಾಧಿಸಿದವನು ಈಗ ಊರೆದುರು ನಾಲ್ಕನೆಯ ಕಾಲನ್ನು ತೋರಿಸಬೇಕಿತ್ತು.

ಅದಕ್ಕೆ ಅವನು ಒಂದು ಉಪಾಯ ಹೂಡಿದ. ಬಾಯಿ ಅವನದು, ಅದಕ್ಕೆ ಗೊತ್ತಿಲ್ಲದ ದಾರಿಯೇ? ಮರುದಿನ ಸಂಜೆ ಗಂಟಲು ಸರಿಮಾಡಿಕೊಂಡು ಆರಂಭಿಸಿದ. "ಕೇಳುಗರೇ, ನಾನು ಜರಡಿ ಅಂದಿದ್ದನ್ನ ನೀವೆಲ್ಲ ಬೈಗುಳ ಅಂದ್ಕೊಂಡ್ರಿ. ನಾನು ಹೊಗಳಿದ್ದು ಸ್ವಾಮಿ! ಜರಡಿ ಎಂಥ ಸಾಮಾನು! ಕಸ ಕಡ್ಡೀನೆಲ್ಲ ಮೇಲೆ ತಡೀತದೆ, ಒಳ್ಳೇದನ್ನ ಮಾತ್ರ ಕೆಳಗೆ ಬಿಡ್ತದೆ!"

ಮೊದಲ ಫೋನ್ ಮನೆ ಕಟ್ಟುವ ಮೇಸ್ತ್ರಿಯದು. ದಿನವಿಡೀ ಮರಳು ಜರಡಿ ಹಿಡಿಸುವವನು. "ಸರಿಯಾಗಿ ಹೇಳಿದ್ರಿ ಗುಡುಗಣ್ಣ" ಎಂದ. "ಒಳ್ಳೊಳ್ಳೆ ಗೋಲನ್ನೆಲ್ಲ ಒಳಗೆ ಬಿಡ್ತದೆ."

ಗಾಜಿನ ಆಚೆ ಗುಂಡಿಯಕ್ಕ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಆ ವಾರದ ಪಂದ್ಯಕ್ಕೆ ಮೈದಾನಕ್ಕೆ ಬಂದ ಜರಡಿಗಳಲ್ಲಿ ಮರಳಿನವೂ ಸೇರಿಕೊಂಡವು. ಮಗಳು ಫೋನ್ ಮಾಡಿ, "ಅಪ್ಪ, ಇದು ವಾಪಸ್ ತಗೊಳ್ಳೋದಾ, ಬಡ್ಡಿ ಸೇರಿಸೋದಾ?" ಎಂದು ಕೇಳಿ ಇಟ್ಟುಬಿಟ್ಟಳು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಆಟ ಮಗಳ ಹತ್ತಿರ ನಡೆಯುವಂತಿರಲಿಲ್ಲ.

ಮದುವೆಯ ದಿನ ಹತ್ತಿರವಾಗುತ್ತ ಬಂತು. ಹೆಂಡತಿ ಸೀರೆ ಇಸ್ತ್ರಿಗೆ ಕೊಟ್ಟಳು, ಗಂಡನ ಶರಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಶರಟು ಬೀರುವಿನಲ್ಲಿ ಸುಕ್ಕಾಗಿ ನೇತಾಡುತ್ತಿದ್ದುದನ್ನು ಕಂಡು ಅವನಿಗೆ ಅಳುವೇ ಬಂತು. ಅಂದು ಸಂಜೆ ಗಟ್ಟಿ ಮನಸ್ಸು ಮಾಡಿ ಸ್ಟುಡಿಯೋಗೆ ಹೋದ. ಏನು ಮಾಡಲಿದ್ದೇನೆ ಎಂದು ಗುಂಡಿಯಕ್ಕನಿಗೆ ಮಾತ್ರ ಹೇಳಲಿಲ್ಲ. ಹೇಳಿದರೆ ಧೈರ್ಯ ಜಾರಿಹೋಗುವ ಭಯವಿತ್ತು.

ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. "ಕೇಳುಗರೇ, ನಾನು ತಪ್ಪು ಮಾಡಿದೆ" ಎಂದ. ಒಮ್ಮೆ ಹೊರಟ ಮೇಲೆ ಮಾತು ತಾನಾಗಿ ಹರಿಯಿತು. ಆ ಹುಡುಗನಿಗೆ ಆ ಹೆಸರಿಡುವ ಹಕ್ಕು ತನಗಿರಲಿಲ್ಲ ಎಂದ. ಇನ್ನು ಮುಂದೆ ಯಾರೂ ಹಾಗೆ ಕರೆಯಬಾರದು ಎಂದ. ಕ್ಷಮಿಸಿ ಎಂಬ ಪದವನ್ನೂ ಆಡಿದ, ಅದೂ ಎರಡು ಸಲ. ಕಣ್ಣು ಬಿಟ್ಟು ನೋಡಿದರೆ ಮೈಕಿನ ದೀಪ ಆರಿತ್ತು. ಗಾಜಿನ ಆಚೆ ಗುಂಡಿಯಕ್ಕನ ಮುಖ ಬಿಳಿಚಿಕೊಂಡಿತ್ತು. ಸ್ಪೀಕರಿನಲ್ಲಿ ಒಬ್ಬ ಹೆಂಗಸು, ಎಂಥ ಕಲೆಯಾದರೂ ಒಂದೇ ಒಗೆತಕ್ಕೆ ಮಾಯ ಎಂದು ಹಾಡುತ್ತಿದ್ದಳು.

"ಏನು ಮಾಡಿದೆ ತಾಯಿ?" ಎಂದ ಗುಡುಗಣ್ಣ.

"ತಪ್ಪು ಮಾಡಿದೆ ಅಂದ್ರಲ್ಲ ಅಣ್ಣ! ನಿಮ್ಮ ಬಾಯಿಂದ! ಇಷ್ಟು ವರ್ಷದಲ್ಲಿ ಒಂದ್ಸಲನಾದ್ರೂ ಅಂದಿದೀರಾ? ಯಾರೋ ನಿಮ್ಮ ಸ್ವರ ಹಿಡಿದು ಲೈನಿಗೆ ನುಗ್ಗಿದ್ರು ಅನ್ಕೊಂಡೆ. ನೋಡಿದ್ರೆ ನಿಮ್ಮ ಬಾಯೇ ಅಲ್ಲಾಡ್ತಿದೆ. ತಲೆಗೆ ಏನೋ ಆಯ್ತು ಅಂತ ಕೈ ತಾನಾಗೇ ಗುಂಡಿ ಒತ್ತಿಬಿಡ್ತು. ಡಾಕ್ಟರಿಗೂ ಫೋನ್ ಮಾಡಿದೀನಿ, ಈಗ ಬರ್ತಾರೆ."

ಅವಳಿಗೆ ನಾಲ್ಕು ಮಾತು ಬಿಗಿಯಬೇಕೆಂದು ಬಾಯಿ ತೆರೆದವನಿಗೆ ಒಳಗೊಳಗೇ ಒಂದು ತಂಪು ಇಳಿಯಿತು. ಹೇಳಿಯೂ ಆಯಿತು, ಯಾರಿಗೂ ಕೇಳಿಸಲೂ ಇಲ್ಲ! ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಇದೇ ಅಲ್ಲವೆ? ಡಾಕ್ಟರ್ ಬಂದು ನಾಡಿ ಹಿಡಿದು, ನಾಲಿಗೆ ಚಾಚಿಸಿ ನೋಡಿ, ನಾಲಿಗೆ ಚೆನ್ನಾಗಿದೆ ಎಂದು ಹೇಳಿ ಹೋದರು. ಗುಡುಗಣ್ಣ ಹೆಚ್ಚು ಕಡಿಮೆ ಶಿಳ್ಳೆ ಹಾಕುತ್ತ ಮನೆಗೆ ಬಂದ.

ಮಗಳೂ ಹುಡುಗನೂ ಮನೆಯಲ್ಲೇ ಕಾದಿದ್ದರು. ಮೇಜಿನ ಮೇಲೆ ರೇಡಿಯೋ ಇತ್ತು. ಅದರಲ್ಲಿ ಅವರು ಕೇಳಿದ್ದು "ಕೇಳುಗರೇ" ಎಂಬ ಒಂದು ಪದ, ಆಮೇಲೆ ಸೋಪು.

"ಹೇಳ್ದೆ ಕಣೇ! ಪೂರ್ತಿ ಹೇಳ್ದೆ! ಯಂತ್ರ ನುಂಗ್ಬಿಡ್ತು!"

"ಯಾರು ನೋಡಿದ್ರು ಅಪ್ಪ?"

"ಗುಂಡಿಯಕ್ಕನ್ನ ಕೇಳು!"

"ಅವಳು ನಿನ್ನ ಪಕ್ಷ."

"ನನ್ನ ಕಣ್ಣಾಣೆ, ಹೇಳ್ದೆ ಅಂತಿದೀನಿ! ಹೇಳಿದ್ದನ್ನ ಹೇಳಿಲ್ಲ ಅಂದ್ರೆ ಹೊಟ್ಟೆ ಉರಿಯಲ್ವೇನೇ?" ಅವನ ಸ್ವರ ನಿಜಕ್ಕೂ ಒಡೆದಿತ್ತು. ಮಾಡಿದ್ದನ್ನು ಮಾಡಿಲ್ಲ ಎಂದು ಎದುರಿಗಿದ್ದವರು ತೀರ್ಪು ಕೊಟ್ಟರೆ ಹೇಗಿರುತ್ತದೆ ಎಂಬುದು ಅವನಿಗೆ ಆವರೆಗೆ ಗೊತ್ತಿರಲಿಲ್ಲ.

"ನಾನು ನಂಬ್ತೀನಿ ಸರ್" ಎಂದ ಹುಡುಗ. ಎಲ್ಲರೂ ಅವನ ಕಡೆ ತಿರುಗಿದರು. "ಅವತ್ತು ಚೆಂಡು ಕೈಯಿಂದ ಜಾರಿದ್ದು ನಿಜ ಸರ್. ಅದಕ್ಕೆ ಬೈದ್ರೆ ಬೈಸ್ಕೋತೀನಿ. ಆದ್ರೆ ಕಣ್ಣು ಮುಚ್ಚಿರ್ಲಿಲ್ಲ. ಚೆಂಡು ಬಲೆಗೆ ತಾಗೋವರೆಗೂ ನೋಡ್ತಾನೇ ಇದ್ದೆ. ಈಗ್ಲೂ ಮಲಗಿದ್ರೆ ಕಾಣುತ್ತೆ. ಯಾರಿಗೆ ಹೇಳಿದ್ರೂ ನಂಬಲ್ಲ. ನೀವು ಕಣ್ಣಾರೆ ನೋಡಿದೀರಲ್ಲ."

ಅವನು ಚುಚ್ಚಿ ಹೇಳಲಿಲ್ಲ, ಸುಮ್ಮನೆ ಹೇಳಿದ. ಅದಕ್ಕೇ ತಡೆದುಕೊಳ್ಳಲು ಆಗಲಿಲ್ಲ. ಗುಡುಗಣ್ಣನಿಗೆ ಕಾಫಿ ಯಂತ್ರದ ಬೆನ್ನು ಬಿಟ್ಟು ಆ ದಿನದ ಬೇರೇನೂ ನೆನಪಿಗೆ ಬರಲಿಲ್ಲ. ರಾತ್ರಿ ಊಟಕ್ಕೆ ಕೂತವನು ತಟ್ಟೆಯಲ್ಲಿ ಬೆರಳಾಡಿಸಿ ಎದ್ದ. ಹೆಂಡತಿ, ಉಪ್ಪು ಕಡಿಮೆಯೇ ಎಂದು ಕೇಳಿದರೆ, ಅದರ ಬಗ್ಗೆ ತನಗೆ ಯಾವ ಅಭಿಪ್ರಾಯವೂ ಇಲ್ಲ ಎಂದ. ಆಕೆ ಗಾಬರಿಯಾಗಿ ಅವನ ಹಣೆ ಮುಟ್ಟಿ ನೋಡಿದಳು.

ಮರುದಿನ ಸ್ಟುಡಿಯೋದಲ್ಲಿ ಅವನು ಮೊದಲು ಹೇಳಿದ್ದು ಗುಂಡಿಯಕ್ಕನಿಗೆ. "ಇವತ್ತು ನಾನು ಏನೇ ಅಂದ್ರೂ ಗುಂಡಿ ಮುಟ್ಬೇಡ. ಕಾಫಿ ಯಂತ್ರದ ವಿಷಯ ಹೇಳ್ತೀನಿ." ಅವಳು ಒಂದು ಕ್ಷಣ ಅವನನ್ನೇ ನೋಡಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತಳು.

"ಕೇಳುಗರೇ, ಹೋದ ವರ್ಷದ ಆ ಗೋಲ್ ನಾನು ನೋಡೇ ಇಲ್ಲ" ಎಂದ ಗುಡುಗಣ್ಣ. "ಕಾಫಿ ತರೋಕೆ ಹೋಗಿದ್ದೆ. ಕಣ್ಮುಚ್ಚಿದ ಅನ್ನೋದು ನಾನು ಕಟ್ಟಿದ್ದು. ಜರಡಿ ಅನ್ನೋದೂ ನಾನು ಕಟ್ಟಿದ್ದು. ಎರಡನ್ನೂ ವಾಪಸ್ ತಗೊಂಡಿದೀನಿ. ದಯವಿಟ್ಟು ಆ ಹುಡುಗನ್ನ ಅವನ ಹೆಸರಿಂದ ಕರೀರಿ."

ಊರು ಮೆಚ್ಚಿ ಚಪ್ಪಾಳೆ ತಟ್ಟೀತು ಎಂದುಕೊಂಡಿದ್ದನೋ ಏನೋ. ಫೋನಿನ ದೀಪಗಳೆಲ್ಲ ಒಮ್ಮೆಗೇ ಮಿನುಗಿದವು. ಮೊದಲು ಬಂದವನು ಬಸ್ ಡ್ರೈವರ್.

"ಗುಡುಗಣ್ಣ, ನೀವು ನೋಡ್ದೇ ಇರ್ಬಹುದು. ಆದ್ರೆ ನೀವು ಹೇಳಿದ್ದನ್ನ ಕೇಳಿ ನಾವೆಲ್ಲ ನೋಡಿದೀವಲ್ಲ!"

"ಅಯ್ಯೋ ಮಾರಾಯ, ನಾನೇ ನೋಡ್ಲಿಲ್ಲ ಅಂದ್ಮೇಲೆ..."

"ಕಣ್ಮುಚ್ಚಿದ್ದ. ನಮ್ಮ ಮನೇಲಿ ಎಲ್ರಿಗೂ ಗೊತ್ತು."

ಎರಡನೆಯವನು ಕ್ಷೌರದ ಅಂಗಡಿಯವನು. ಅವನು ಆ ದಿನ ಮೈದಾನದಲ್ಲೇ ಇದ್ದನಂತೆ, ಹುಡುಗ ಕಣ್ಮುಚ್ಚಿದ್ದನ್ನು ತಾನೇ ಕಂಡಿದ್ದನಂತೆ. ಎಲ್ಲಿ ಕೂತಿದ್ದೆ ಎಂದು ಗುಡುಗಣ್ಣ ಕೇಳಿದ. "ಎದುರಾಳಿಗಳ ಗೋಲಿನ ಹಿಂದೆ" ಎಂದ. ಅಲ್ಲಿಂದ ಹುಡುಗನಿಗೆ ಇಡೀ ಮೈದಾನದ ದೂರವಿತ್ತು. ಅಷ್ಟು ದೂರದಿಂದ ಕಣ್ಣಿನ ರೆಪ್ಪೆ ಹೇಗೆ ಕಾಣಿಸಿತು ಎಂದು ಗುಡುಗಣ್ಣ ರೇಗಿದರೆ, "ದೂರ ಕೂತವನಿಗೆ ಸತ್ಯ ಕಾಣುತ್ತೆ ಅಂತ ನೀವೇ ಹೇಳ್ತೀರಲ್ಲ" ಎಂದು ಬಂತು ಉತ್ತರ. ಮೂರನೆಯವನಂತೂ "ನೀವು ಚೆಂಡು ನೋಡಿದ್ದು ಯಾವಾಗ ಸ್ವಾಮಿ?" ಎಂದು ಕೇಳಿ, ತಾನೇ ಲೈನ್ ಕತ್ತರಿಸಿದ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದು ಹೇಗೆ? ತನ್ನದೇ ಮಾತುಗಳು ಹತ್ತಾರು ಗಂಟಲುಗಳಲ್ಲಿ ಕೂತು ತನ್ನ ಮೇಲೇ ಗುಡುಗುತ್ತಿದ್ದರೆ ಅವನು ಬೆವರು ಒರೆಸಿಕೊಂಡ. ಗುಂಡಿಯಕ್ಕ ಕೈ ಹೊರಗೆ ತೆಗೆಯಲಿಲ್ಲ.

ಆಮೇಲೆ ಬಂದವರು ಒಬ್ಬ ನಿವೃತ್ತ ಟೀಚರ್. ಮೃದುವಾದ ಸ್ವರ, ಸುಳ್ಳು ಹೇಳುವ ಮಕ್ಕಳನ್ನು ಜೀವನಪೂರ್ತಿ ಕಂಡವರ ಸ್ವರ. "ಅಲ್ಲಪ್ಪ, ಒಂದು ವರ್ಷ ಬೈದೋರಿಗೆ ಇದ್ದಕ್ಕಿದ್ದ ಹಾಗೆ ಇಷ್ಟು ಮರುಕ ಯಾಕೆ ಬಂತು?" ಎಂದು ಕೇಳಿದರು. "ನಿಮಗೊಬ್ಳು ಮಗಳಿದಾಳಲ್ವಾ?"

"ಇದಾಳೆ ಟೀಚರ್."

"ಮದುವೆ ವಯಸ್ಸು?"

"ಹೌದು ಟೀಚರ್."

"ಹುಡುಗ ಯಾರು?"

ರೇಡಿಯೋದಲ್ಲಿ ಮೌನಕ್ಕಿಂತ ದೊಡ್ಡ ಅಪರಾಧವಿಲ್ಲ. ಮೌನ ತುಂಬಲೆಂದೇ ಗುಡುಗಣ್ಣನಿಗೆ ಇಷ್ಟು ವರ್ಷ ಸಂಬಳ ಕೊಟ್ಟಿದ್ದರು. ಆ ಗುಡುಗಣ್ಣನ ಬಾಯಿಂದ ಈಗ ಒಂದು ಅಕ್ಷರ ಹೊರಡಲಿಲ್ಲ. ಸುಳ್ಳು ಹೇಳಬಹುದಿತ್ತು, ಸುಳ್ಳು ಅವನಿಗೆ ಹೊಸದೇನಲ್ಲ. ಆದರೆ ಹುಡುಗ ನಿನ್ನೆ, ನಂಬ್ತೀನಿ ಸರ್ ಎಂದಿದ್ದ. ಬೇಕರಿಗಳಲ್ಲಿ, ಟ್ಯಾಕ್ಸಿಗಳಲ್ಲಿ, ಅಡುಗೆಮನೆಗಳಲ್ಲಿ ಜನ ರೇಡಿಯೋ ಕೆಟ್ಟಿತೆಂದು ಅದರ ತಲೆ ತಟ್ಟಿದರು.

"ಹುಡುಗ ಅವನೇ ಟೀಚರ್" ಎಂದ ಕೊನೆಗೆ.

"ಹಾಗೆ ಹೇಳು ಮತ್ತೆ!" ಟೀಚರಿಗೆ ನಗು ತಡೆಯಲಾಗಲಿಲ್ಲ. "ಅಲ್ಲಿಗೆ ನೀನು ಜರಡಿ ಮಾವ ಆದೆ!"

ಮಾಡಿದ್ದುಣ್ಣೋ ಮಹರಾಯ. ಬೆಳಗಾಗುವಷ್ಟರಲ್ಲಿ ಊರಿನಲ್ಲಿ ಗುಡುಗಣ್ಣ ಎಂಬುವವನು ಯಾರೂ ಉಳಿದಿರಲಿಲ್ಲ. ಪೇಪರ್ ಹಾಕುವವನು ಗೇಟಿನಲ್ಲಿ "ಜರಡಿ ಮಾವ, ಪೇಪರ್!" ಎಂದ. ಎದುರುಮನೆಯವರು ಕಿಟಕಿ ತೆರೆದು ನಮಸ್ಕಾರ ಜರಡಿ ಮಾವ ಎಂದರು. ರೇಡಿಯೋದ ಮ್ಯಾನೇಜರ್ ಖುಷಿಯಿಂದ ಫೋನ್ ಮಾಡಿ, ಕಾರ್ಯಕ್ರಮದ ಹೆಸರನ್ನೇ ಹಾಗೆ ಬದಲಾಯಿಸೋಣವೇ ಎಂದು ಕೇಳಿದರು. ಗುಡುಗಣ್ಣ ಆ ದಿನ ಮನೆಯ ಹಿಂಬಾಗಿಲಿನಿಂದ ಹೊರಗೆ ಹೋಗಿ, ಕತ್ತಲಾದ ಮೇಲೆ ಹಿಂಬಾಗಿಲಿನಿಂದಲೇ ಒಳಗೆ ಬಂದ.

ಮಗಳು ಬಂದಾಗ ಅವನು ತಲೆ ಎತ್ತಲಿಲ್ಲ. "ಆಗ್ಲಿಲ್ಲ ಕಣೇ" ಎಂದ. "ತೆಗೆಯೋ ಬದ್ಲು ನನಗೂ ಅಂಟಿಸ್ಕೊಂಡು ಬಂದೆ. ನೀನು ಹೇಳಿದ ಷರತ್ತು ನಾನು ನಡೆಸ್ಲಿಲ್ಲ. ಮದುವೆಗೆ ಬರಲ್ಲ ಬಿಡು."

ಅವಳು ಪಕ್ಕದಲ್ಲಿ ಕೂತು, ಅವನ ಭುಜವನ್ನು ಅಭ್ಯಾಸಬಲದಿಂದ ಒತ್ತಿ ನೋಡಿದಳು. ಕಲ್ಲಾಗಿತ್ತು. "ನೀನು ಹೇಳಿದ್ದನ್ನ ಪೂರ್ತಿ ಕೇಳ್ದೆ ಅಪ್ಪ. ಸುಮ್ನೆ ಇದ್ದಿದ್ದನ್ನೂ ಕೇಳ್ದೆ" ಎಂದಳು. "ಗುರುವಾರ ಹನ್ನೊಂದು ಗಂಟೆಗೆ. ಆ ಬಿಳೀ ಶರಟು ಹಾಕ್ಕೋ, ಅಮ್ಮ ಇಸ್ತ್ರಿ ಮಾಡಿಟ್ಟಿದಾಳೆ. ಭಾಷಣ ಗೀಷಣ ಏನೂ ಬೇಡ."

ಸಂತೋಷಕ್ಕೆ ಅಳುವುದು ಗುಡುಗಣ್ಣನ ಪ್ರಕಾರ ಸೋತ ತಂಡದ ಲಕ್ಷಣ. ಅತ್ತ.

ಗುರುವಾರ ಹೆಂಗಸರು ಟ್ಯಾಕ್ಸಿಯಲ್ಲಿ ಮುಂದೆ ಹೋದರು. ಜಾಗ ಸಾಲದೆ ಮಾವ ಅಳಿಯ ಇಬ್ಬರೂ ನಡೆದು ಹೊರಟರು. ರಿಜಿಸ್ಟರ್ ಆಫೀಸಿಗೆ ಹೋಗಲು ಪೇಟೆಯ ಮುಖ್ಯ ರಸ್ತೆ ದಾಟಲೇಬೇಕು. ಹುಡುಗ ತನ್ನ ಪಾಡಿಗೆ ತಾನು ನಡೆಯುತ್ತಿದ್ದ. ಗುಡುಗಣ್ಣ ಬಿಳಿ ಶರಟಿನ ಕಾಲರಿನೊಳಗೆ ಕುತ್ತಿಗೆ ಎಳೆದುಕೊಂಡು, ಅಂಗಡಿಗಳ ನೆರಳು ಹುಡುಕಿ ಹೆಜ್ಜೆಯಿಡುತ್ತಿದ್ದ. ಜೀವನದಲ್ಲಿ ಯಾರಿಂದಲೂ ಯಾವ ವಿಷಯದಲ್ಲೂ ಸಲಹೆ ಕೇಳದಿದ್ದವನು ಕೊನೆಗೆ ಬಾಯಿ ಬಿಟ್ಟ.

"ಒಂದು ಮಾತು ಕೇಳ್ಲಾ? ಜನ ಹಾಗೆ ಕೂಗ್ತಾರಲ್ಲ, ತಿರುಗಿ ನೋಡ್ಬೇಕಾ, ನೋಡ್ಬಾರ್ದಾ? ನೀನು ಏನ್ ಮಾಡ್ತಿದ್ದೆ?"

ಹುಡುಗ ಯೋಚಿಸಿದ. ತನ್ನ ಕಸುಬಿನ ಬಗ್ಗೆ ಯಾರೋ ಮರ್ಯಾದೆಯಿಂದ ಕೇಳಿದ್ದಾರೆ ಎನ್ನುವಂತೆ ಶ್ರದ್ಧೆಯಿಂದ ಯೋಚಿಸಿದ. "ಮೊದಮೊದ್ಲು ತಿರುಗ್ಬೇಡಿ ಮಾವ" ಎಂದ. "ತಿರುಗಿದ್ರೆ ಮುಖ ಕಾಣುತ್ತೆ, ಮುಖ ಕಂಡ್ರೆ ಮನಸ್ಸಲ್ಲಿ ಉಳಿಯುತ್ತೆ. ಸ್ವಲ್ಪ ದಿನ ಕಳೀಲಿ. ಆಮೇಲೆ ತಿರುಗಿ ಕೈ ಬೀಸಿ. ಅಷ್ಟು ಹೊತ್ತಿಗೆ ಸುಲಭ ಆಗಿರುತ್ತೆ."

"ಸುಲಭ ಆಗೋಕೆ ಎಷ್ಟು ದಿನ ಬೇಕು?"

"ಗೊತ್ತಿಲ್ಲ ಮಾವ. ನನಗಿನ್ನೂ ಆಗಿಲ್ಲ."

ಗುಡುಗಣ್ಣ ಪಟ್ಟನೆ ನಿಂತುಬಿಟ್ಟ. ಅಷ್ಟರಲ್ಲಿ ಬಸ್ಸೊಂದು ಅವರನ್ನು ದಾಟಿತು. ಕಿಟಕಿಯಿಂದ ಯಾರದೋ ತಲೆ ಹೊರಬಂತು. "ಜರಡೀ!" ಎಂಬ ಕೂಗು ಬೀದಿಯ ಉದ್ದಕ್ಕೂ ಎಳೆದುಕೊಂಡು ಹೋಯಿತು.

ಹುಡುಗನ ಹೆಜ್ಜೆ ಒಂದಿಷ್ಟು ಗಟ್ಟಿಯಾಯಿತು, ಅಷ್ಟೇ. ಅವನು ತಿರುಗುವ ಮೊದಲೇ ಗುಡುಗಣ್ಣ ರಸ್ತೆಯ ಮಧ್ಯಕ್ಕೆ ಹೋಗಿ ನಿಂತು ಬಸ್ಸಿಗೆ ಎರಡೂ ಕೈ ಬೀಸುತ್ತಿದ್ದ.

"ಅದು ನನಗೆ ಕೂಗಿದ್ದು ಮಾವ" ಎಂದ ಹುಡುಗ.

"ಇರ್ಲಿ ಬಾ" ಎಂದ ಗುಡುಗಣ್ಣ. "ಈಗ ನನ್ನ ಸರದಿ."